ಮದುವೆ ಅಲಂಕಾರದ ಮೂಡ್ ಬೋರ್ಡ್: ಪಿಂಟರೆಸ್ಟಾ, ಕ್ಯಾನ್ವಾನಾ, ರಟ್ಟಾ?

ತಂಗಿ ಮದುವೆಯ ಮಂಟಪಕ್ಕೆ ಮೂಡ್ ಬೋರ್ಡ್, ಅಂದರೆ ಬೇಕಾದ ಬಣ್ಣ, ಹೂವು, ಅಲಂಕಾರದ ಚಿತ್ರಗಳನ್ನು ಒಂದೇ ಕಡೆ ಜೋಡಿಸಿದ ಬೋರ್ಡು, ಯಾವುದರಲ್ಲಿ ಮಾಡಲಿ ಅಂತ ಕೇಳಿದ್ದೀರಿ. ಖರ್ಚಿನ ಮಾತು ಬೇಗ ಮುಗಿಯುತ್ತದೆ. ಚಿತ್ರ ಹುಡುಕಿ ಕೂಡಿಡುವ ಆ್ಯಪ್ ಪಿಂಟರೆಸ್ಟ್ ಪುಕ್ಕಟೆ, ಪುಟ ವಿನ್ಯಾಸ ಮಾಡುವ ಆ್ಯಪ್ ಕ್ಯಾನ್ವಾದಲ್ಲೂ ದುಡ್ಡು ಕೊಡದೆ ಕೆಲಸ ಆಗುತ್ತದೆ. ರಟ್ಟಿನ ಬೋರ್ಡಿಗೆ ಅಂಟು, ಪ್ರಿಂಟು, ಜೊತೆಗೆ ಒಂದು ಇಡೀ ಸಂಜೆ ಬೇಕು.

ಬಣ್ಣದ ವಿಷಯಕ್ಕೆ ಬಂದರೆ ಮಾತ್ರ ರಟ್ಟೇ ಮುಂದೆ. ಒಂದೇ ಮರೂನ್ ನಿಮ್ಮ ಫೋನಿನಲ್ಲಿ ಒಂದು ಥರ, ಡೆಕೋರೇಟರ್ ಫೋನಿನಲ್ಲಿ ಇನ್ನೊಂದು ಥರ ಕಾಣುತ್ತದೆ. ಬ್ಲೌಸ್ ಬಟ್ಟೆಯ ತುಂಡು ಅಂಟಿಸಿ, ಛತ್ರದ ಲೈಟಿನ ಕೆಳಗೇ ಹಿಡಿದು ನೋಡಿ. ಸೀರೆ ಆಗಲೇ ಕೊಂಡಿದ್ದರೆ ಹೀಗೇ ಮಾಡಿ.

ಇನ್ನೂ ಏನೂ ತೀರ್ಮಾನ ಆಗಿಲ್ಲವಾ? ಪಿಂಟರೆಸ್ಟಿನಿಂದ ಶುರು ಮಾಡಿ. ಆದರೆ ಅದು ಪಿಯೋನಿ ಹೂವು ತೋರಿಸಿ ಆಸೆ ಹುಟ್ಟಿಸುತ್ತದೆ, ನಮ್ಮ ಮಾರ್ಕೆಟ್ಟಿನಲ್ಲಿ ರಾಶಿ ಬೀಳೋದು ಸೇವಂತಿಗೆ, ಚೆಂಡುಹೂವು, ಸುಗಂಧರಾಜ! 50 ಚಿತ್ರ ಕೂಡಿಟ್ಟರೆ ಡೆಕೋರೇಟರ್‌ಗೆ ತಲೆನೋವು ಜಾಸ್ತಿ, ಅಲ್ವಾ? 8–10 ಸಾಕು.

ಅಣ್ಣ ಅಮೆರಿಕದಲ್ಲಿ, ಡೆಕೋರೇಟರ್ ಬೇರೆ ಊರಲ್ಲಿ ಅಂದರೆ ಕ್ಯಾನ್ವಾ ಸಲೀಸು. ಒಂದೇ ಪುಟದಲ್ಲಿ ಮಂಟಪ, ಹೂವು, ಬಾಗಿಲ ತೋರಣ ಜೋಡಿಸಿ, ಪಕ್ಕದಲ್ಲಿ ಅಳತೆ ಬರೆದು, ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಿಬಿಡಿ.