ರೀಪರ್: ಹಾಡಿ ನುಡಿಸುವವರಿಗೆ ಸರಿ, ಬರೀ ಬೀಟ್ ಕಟ್ಟುವವರಿಗೆ ಅಷ್ಟಕ್ಕಷ್ಟೆ

ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಸಾಫ್ಟ್‌ವೇರ್ ರೀಪರ್. ಅದನ್ನು ಹಾಕಿಕೊಂಡು ಮೊದಲ ಸಲ ತೆರೆದರೆ ಕಾಣುವುದು ಬೂದು ಬಣ್ಣದ ಖಾಲಿ ಪರದೆ. ಡ್ರಮ್ಮಿಲ್ಲ, ಲೂಪಿಲ್ಲ, ಪಿಯಾನೊ ಇಲ್ಲ. ಎಷ್ಟೋ ಮಂದಿ ಹೊಸಬರು ಇಲ್ಲಿಗೇ ಕೈಬಿಡುತ್ತಾರೆ. ಅವರದು ಪೂರ್ತಿ ತಪ್ಪಲ್ಲ. ಮೈಕಾಗಲಿ ವಾದ್ಯವಾಗಲಿ ಇಲ್ಲದೆ, ಮೌಸ್ ಒಂದರಿಂದಲೇ ಮೊದಲ ದಿನವೇ ಬೀಟ್ ಕೇಳಿಸಬೇಕು ಅನ್ನುವವರಿಗೆ ಎಫ್‌ಎಲ್ ಸ್ಟುಡಿಯೊ ಎಂಬ ಇಂಥದ್ದೇ ಸಾಫ್ಟ್‌ವೇರ್ ಹತ್ತಿರದ ದಾರಿ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಕಟ್ಟಿದ ಹಾಡನ್ನು ಮುಂದೆ ಅದರ ದೊಡ್ಡಣ್ಣ ಲಾಜಿಕ್ ಪ್ರೊದಲ್ಲಿ ತೆರೆಯಲೂಬಹುದು. ಎಫ್‌ಎಲ್ ಸ್ಟುಡಿಯೊದ ಟ್ರಯಲ್‌ನಲ್ಲಿ ಒಂದು ಕೊಕ್ಕೆ ಇದೆ: ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಕೊಳ್ಳುವವರೆಗೆ ಅದನ್ನು ಮತ್ತೆ ತೆರೆದು ಮುಂದುವರಿಸಲಾಗದು.

ರೀಪರ್‌ನಲ್ಲಿ ಆ ಕೊಕ್ಕೆ ಇಲ್ಲ. 60 ದಿನ ಎಲ್ಲ ಸೌಲಭ್ಯಗಳೂ ತೆರೆದಿರುತ್ತವೆ. ಲೈಸೆನ್ಸ್ ಕೊಂಡರೆ ಎರಡು ಮುಖ್ಯ ಆವೃತ್ತಿಗಳವರೆಗೆ ನಡೆಯುತ್ತದೆ: 7ಕ್ಕೆ ಕೊಂಡದ್ದು 8.99ರ ತನಕ. ವಿನ್ಆಂಪ್ ಮ್ಯೂಸಿಕ್ ಪ್ಲೇಯರ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಕೋಕೋಸ್ ಸಂಸ್ಥೆಯ ಕೂಸು ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರಾಗಿ ಓಡುತ್ತದೆ.

ಮೊದಲ ವಾರದ ಕಿರಿಕಿರಿಯೆಲ್ಲ ಇರುವುದು ಸೆಟ್ಟಿಂಗ್‌ಗಳಲ್ಲಿ. ಕಂಟ್ರೋಲ್-ಪಿ ಒತ್ತಿ ಆಡಿಯೊ, ಡಿವೈಸ್ ಪುಟಕ್ಕೆ ಹೋಗಿ. ವಿಂಡೋಸ್‌ನಲ್ಲಿ ಆಡಿಯೊ ಸಿಸ್ಟಮ್ ಎಂಬಲ್ಲಿ ಏಸಿಯೊ (ತಡ ತಗ್ಗಿಸುವ ಡ್ರೈವರ್ ಬಗೆ) ಆರಿಸಿ, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ನಿಮ್ಮ ಇಂಟರ್‌ಫೇಸ್‌ನ ಡ್ರೈವರ್ ತೋರಿಸಿ. ಮ್ಯಾಕ್‌ನಲ್ಲಿ ತನ್ನದೇ ಕೋರ್ ಆಡಿಯೊ ವ್ಯವಸ್ಥೆ ಇರುವುದರಿಂದ ಈ ತಲೆನೋವಿಲ್ಲ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು, 128 ಸ್ಯಾಂಪಲ್ ಇದ್ದರೆ 44,100 ಹರ್ಟ್ಸ್‌ನಲ್ಲಿ ಒಂದು ದಿಕ್ಕಿಗೆ ಸುಮಾರು 3 ಮಿಲಿಸೆಕೆಂಡ್ ತಡ. 1024 ಇದ್ದರೆ 23. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಇದು ಇಮ್ಮಡಿಯಾಗುತ್ತದೆ, ಹಾಡುವವರು ತಾಳ ತಪ್ಪುತ್ತಾರೆ. ಹಾಗಾಗಿ ರೆಕಾರ್ಡ್ ಮಾಡುವಾಗ 128. ಚಿಟಪಟ ಸದ್ದು ಬಂದರೆ 256. ಮಿಕ್ಸಿಂಗ್‌ಗೆ ಕೂತಾಗ 1024ಕ್ಕೇರಿಸಿದರೂ ನಷ್ಟವಿಲ್ಲ, ಆಗ ಯಾರೂ ಹಾಡುತ್ತಿರುವುದಿಲ್ಲ.

ಎಡಬದಿಯ ಖಾಲಿ ಜಾಗದಲ್ಲಿ ಎರಡು ಸಲ ಕ್ಲಿಕ್ಕಿಸಿದರೆ ಟ್ರ್ಯಾಕ್ ಹುಟ್ಟುತ್ತದೆ. ಕೆಂಪು ಗುಂಡಿ ಒತ್ತಿ, ಇನ್‌ಪುಟ್ ಆರಿಸಿ. ಅತಿ ಜೋರಾಗಿ ಹಾಡುವ ಸಾಲಿನಲ್ಲಿ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ನಿಲ್ಲುವಂತೆ ಇಂಟರ್‌ಫೇಸ್‌ನ ಗೇನ್ ತಿರುಗಿಸಿ. ಟ್ರ್ಯಾಕಿನ ಫೇಡರ್ ಇಳಿಸಿ ಪ್ರಯೋಜನವಿಲ್ಲ: ಒಳಬರುವಾಗಲೇ ಒಡೆದ ದನಿ ಒಡೆದೇ ಇರುತ್ತದೆ. ಹೆಡ್‌ಫೋನಿನಲ್ಲಿ ದನಿ ಜೋಡಿಯಾಗಿ, ಡಬ್ಬದೊಳಗಿಂದ ಬಂದಂತೆ ಕೇಳಿದರೆ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಮತ್ತು ರೀಪರ್‌ನ ಮಾನಿಟರಿಂಗ್, ನಿಮ್ಮ ದನಿಯನ್ನು ನಿಮಗೇ ಕೇಳಿಸುವ ಈ ಎರಡೂ ಚಾಲೂ ಇವೆ ಎಂದರ್ಥ. ಒಂದನ್ನು ಆಫ್ ಮಾಡಿಬಿಡಿ.

ಹೊಸಬರನ್ನು ಹೆಚ್ಚು ಅಳಿಸುವುದು ಸೇವ್ ಮಾಡುವ ರೀತಿ. ಸೇವ್ ಮಾಡದೆಯೇ ರೆಕಾರ್ಡ್ ಒತ್ತಿದರೆ ಧ್ವನಿ ಫೈಲ್‌ಗಳು ಡಾಕ್ಯುಮೆಂಟ್ಸ್ ಒಳಗಿನ ರೀಪರ್ ಮೀಡಿಯಾ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಆಮೇಲೆ ಪ್ರಾಜೆಕ್ಟ್ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಪಟ್ಟಿಗಳಿರುತ್ತವೆ, ದನಿ ಇರುವುದಿಲ್ಲ. ಮೊದಲೇ ಸೇವ್ ಆ್ಯಸ್ ಕೊಟ್ಟು, ಆ ಕಿಟಕಿಯ ಕೆಳಗಿರುವ ಎರಡು ಚೌಕಗಳಿಗೆ ಟಿಕ್ ಹಾಕಿ: ಒಂದು ಪ್ರಾಜೆಕ್ಟಿಗೆ ಪ್ರತ್ಯೇಕ ಫೋಲ್ಡರ್ ಮಾಡುತ್ತದೆ, ಇನ್ನೊಂದು ಎಲ್ಲ ಮೀಡಿಯಾವನ್ನೂ ಅದರೊಳಗೆ ತಂದಿಡುತ್ತದೆ.

ಟೆಂಪೊ ಕೂಡ ಮೊದಲೇ ನಿಶ್ಚಯಿಸಿ, ಮೆಟ್ರೊನೋಮ್ ಹಾಕಿಕೊಂಡೇ ಹಾಡಿ. ಹಾಡಿದ ಮೇಲೆ 90 ಇದ್ದದ್ದನ್ನು 96 ಮಾಡಿದರೆ ಹಾಡಿದ ದನಿಯೂ ಹಿಗ್ಗಿ ಕುಗ್ಗಿ ವಿಚಿತ್ರವಾಗುತ್ತದೆ. ರೀಪರ್ ತಾನಾಗಿಯೇ ಧ್ವನಿಪಟ್ಟಿಯನ್ನು ಬೀಟಿಗೆ ಕಟ್ಟಿರುವುದೇ ಕಾರಣ. ಆಲ್ಟ್-ಎಂಟರ್ ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಬೇಸ್ ಅನ್ನು ಟೈಮ್ ಎಂದು ಬದಲಿಸಿದರೆ ಈ ಕಾಟ ತಪ್ಪುತ್ತದೆ.

ವಾದ್ಯಗಳ ವಿಷಯದಲ್ಲಿ ರೀಪರ್ ನಿಜಕ್ಕೂ ಬಡವ. ಜೊತೆಗೆ ಬರುವ ರಿಯಾಸಿಂತ್ ಪೀಪಿಯಂತೆ ಕೂಗುತ್ತದೆ, ಅಷ್ಟೆ. ಸರ್ಜ್ ಎಕ್ಸ್‌ಟಿ, ವೈಟಲ್ ಮೊದಲಾದ ವಾದ್ಯದ ಪ್ಲಗಿನ್‌ಗಳು (ರೀಪರ್‌ಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್‌ಗಳು) ಪುಕ್ಕಟೆ ಸಿಗುತ್ತವೆ, ಅವನ್ನು ಹಾಕಿಕೊಳ್ಳಿ. ಹಾಕಿದ್ದು ಪಟ್ಟಿಯಲ್ಲಿ ಕಾಣದಿದ್ದರೆ ಪ್ರಿಫರೆನ್ಸಸ್‌ನ ವಿಎಸ್‌ಟಿ (ಇಂಥ ಪ್ಲಗಿನ್‌ಗಳ) ಪುಟದಲ್ಲಿ ಫೋಲ್ಡರ್ ಸರಿಯಾಗಿದೆಯೇ ನೋಡಿ, ರೀಸ್ಕ್ಯಾನ್ ಕೊಡಿ. ಮಿಡಿ ಕೀಬೋರ್ಡ್ ಒತ್ತಿದರೂ ಸದ್ದೇ ಬಾರದಿದ್ದರೆ, ಟ್ರ್ಯಾಕಿನ ಇನ್‌ಪುಟ್ ಇನ್ನೂ ಮೈಕಿನ ಕಡೆಗೇ ಇದೆ ಅನ್ನಿ. ಟ್ರ್ಯಾಕ್ ಮೆನುವಿನ ಇನ್ಸರ್ಟ್ ವರ್ಚುವಲ್ ಇನ್‌ಸ್ಟ್ರುಮೆಂಟ್ ಆನ್ ನ್ಯೂ ಟ್ರ್ಯಾಕ್ ಬಳಸಿದರೆ ಇನ್‌ಪುಟ್, ಮಾನಿಟರಿಂಗ್ ಎಲ್ಲವನ್ನೂ ಅದೇ ಹೊಂದಿಸುತ್ತದೆ.

ಎಫೆಕ್ಟ್‌ಗಳ ಮಾತು ಬೇರೆ. ನೋಡಲು ಸುಂದರವಲ್ಲ, ಕೆಲಸದಲ್ಲಿ ಗಟ್ಟಿ. ಮೊದಲ ತಿಂಗಳಿಗೆ ಮೂರು ಸಾಕು: ಸ್ವರದ ತೂಕ ತಿದ್ದುವ ಇಕ್ಯು, ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್, ಗುಂಗು ಕೊಡುವ ರಿವರ್ಬ್. ರಿಯಾಇಕ್ಯುನಲ್ಲಿ ಮೊದಲ ಬ್ಯಾಂಡನ್ನು ಹೈ ಪಾಸ್ (ಕೆಳದನಿ ಕತ್ತರಿಸುವ ಫಿಲ್ಟರ್) ಮಾಡಿ 80 ಹರ್ಟ್ಸ್‌ಗಿಡಿ, ಫ್ಯಾನಿನ ಗುಂಯ್‌ಗುಡುವಿಕೆಯೂ ಮೈಕ್ ಸ್ಟ್ಯಾಂಡಿನ ದಡಬಡವೂ ಬಹುಪಾಲು ಹೋಗುತ್ತವೆ. ರಿಯಾಕಾಂಪ್‌ನಲ್ಲಿ ರೇಷಿಯೊ 3ಕ್ಕೆ 1 ಇಟ್ಟು, ಜೋರಿನ ಸಾಲುಗಳಲ್ಲಿ ಮಾತ್ರ 3ರಿಂದ 6 ಡೆಸಿಬೆಲ್ ಕುಗ್ಗುವವರೆಗೆ ಥ್ರೆಶೋಲ್ಡ್ ಇಳಿಸಿ. ರಿವರ್ಬ್‌ಗೆ ರಿಯಾವರ್ಬೇಟ್ ತೆಗೆದುಕೊಳ್ಳಿ. ಹೆಸರಿನಲ್ಲಿ ಅದಕ್ಕೆ ಅವಳಿಯಂತಿರುವ ರಿಯಾವರ್ಬ್ ಖಾಲಿಯಾಗಿ ತೆರೆದುಕೊಳ್ಳುತ್ತದೆ, ಒಂದು ಕೋಣೆಯ ಗುಂಗು ಹಿಡಿದಿಟ್ಟ ಇಂಪಲ್ಸ್ ಫೈಲನ್ನೋ ಜನರೇಟರನ್ನೋ ಸೇರಿಸುವವರೆಗೆ ಏನೂ ಮಾಡದು. ಪ್ಲಗಿನ್ ಕೆಟ್ಟಿದೆ ಎಂದುಕೊಂಡು ಅಳಿಸಿದವರುಂಟು.

ಕಲಿಯಲು ಅಧಿಕೃತ ತಾಣದಲ್ಲೇ ಬಳಕೆದಾರರ ಕೈಪಿಡಿಯೂ ಕೆನ್ನಿ ಜೋಯಾ ಅವರ ವಿಡಿಯೊಗಳೂ ಉಚಿತವಾಗಿವೆ. ಕೈಪಿಡಿ ಮೊದಲಿಂದ ಕೊನೆಯವರೆಗೆ ಓದುವಂಥದ್ದಲ್ಲ. ಸಿಕ್ಕಿಕೊಂಡಾಗ ಹುಡುಕಿ ನೋಡುವಂಥದ್ದು.

ಹಾಡು ಮುಗಿದ ಮೇಲೆ ಕಂಟ್ರೋಲ್-ಆಲ್ಟ್-ಆರ್ ಒತ್ತಿ ರೆಂಡರ್ ಕಿಟಕಿ ತೆರೆಯಿರಿ: ಹಾಡನ್ನು ಒಂದೇ ಫೈಲಾಗಿಸುವುದು ಅಲ್ಲೇ. ಮಾಸ್ಟರ್ ಮಿಕ್ಸ್, ಎಂಟೈರ್ ಪ್ರಾಜೆಕ್ಟ್, 24 ಬಿಟ್ ವೇವ್ ಆರಿಸಿ. ಮಾಸ್ಟರ್ ಮೀಟರ್ ಸೊನ್ನೆ ದಾಟಿ ಕೆಂಪಾಗಿದ್ದರೆ ಮೊದಲು ಫೇಡರ್ ಇಳಿಸಿ, ಇಲ್ಲದಿದ್ದರೆ ಆ ಜಾಗ ಫೈಲಿನಲ್ಲಿ ಕರಕರ ಅನ್ನುತ್ತದೆ. ಟೇಲ್ ಚೌಕಕ್ಕೆ ಟಿಕ್ ಹಾಕಿ 3000 ಮಿಲಿಸೆಕೆಂಡ್ ಕೊಡಿ. ಅದನ್ನು ಮರೆತರೆ ಕೊನೆಯ ಸ್ವರದ ರಿವರ್ಬ್ ಕತ್ತರಿ ಹಾಕಿದಂತೆ ತಟ್ಟನೆ ನಿಲ್ಲುತ್ತದೆ.