ಫಾರ್ಮುಲಾ ಒನ್ನೋ, ಫಾರ್ಮುಲಾ ಇ ನೋ?

ಫಾರ್ಮುಲಾ ಒನ್ ಇಂಧನ ಸುಡುವ ಎಂಜಿನ್ ಕಾರುಗಳ ರೇಸ್, ಫಾರ್ಮುಲಾ ಇ ಬ್ಯಾಟರಿ ಕಾರುಗಳದು. ರೇಸ್ ಹುಚ್ಚೂ ಇದೆ, ಪರಿಸರದ ಅಳುಕೂ ಇದೆ ಎನ್ನುವವರು ಹೊಗೆ ನೋಡಿ ತೀರ್ಮಾನಿಸಬೇಡಿ. ಫಾರ್ಮುಲಾ ಒನ್ 2019ರಲ್ಲಿ ತಾನೇ ಕೊಟ್ಟ ಲೆಕ್ಕದಂತೆ ಅದರ ವಾರ್ಷಿಕ ಇಂಗಾಲದ ಹೊರಸೂಸುವಿಕೆ ಸುಮಾರು 2,56,000 ಟನ್. ಅದರಲ್ಲಿ ಕಾರುಗಳ ಎಂಜಿನ್ ಪಾಲು ಬರೀ ಶೇ 0.7! ಸರಕು ಸಾಗಣೆಯದೇ ಶೇ 45, ಸಿಬ್ಬಂದಿಯ ಓಡಾಟ ಶೇ 27ಕ್ಕೂ ಹೆಚ್ಚು. ಪ್ರೇಕ್ಷಕರ ಪ್ರಯಾಣವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಜಾಣತನ ನೋಡಿ.

ಕಸದಲ್ಲಿ ಮಾತ್ರ ಅಂತರ ಢಾಳಾಗಿ ಕಾಣುತ್ತದೆ. ಒನ್‌ನಲ್ಲಿ ಸಾಮಾನ್ಯ ವಾರಾಂತ್ಯವೊಂದಕ್ಕೆ ಒಬ್ಬ ಚಾಲಕನಿಗೆ ಒಣ ಟ್ರ್ಯಾಕಿನ ಟೈರೇ 13 ಸೆಟ್, ಮಳೆಯವು ಬೇರೆ. ಇ ಯಲ್ಲಿ ಬಿಸಿಲಿಗೂ ಮಳೆಗೂ ಒಂದೇ ಬಗೆಯ ಟೈರು. ಅದರ ಮೂರನೇ ತಲೆಮಾರಿನ (ಜೆನ್3) ಕಾರು ರೇಸಿಗೆ ಬೇಕಾದ ವಿದ್ಯುತ್ತಿನ ಶೇ 40ರಷ್ಟನ್ನು ಬ್ರೇಕ್ ಹಾಕುವಾಗಲೇ ಮರಳಿ ಪಡೆಯುತ್ತದೆ ಎನ್ನುತ್ತಾರೆ ಆಯೋಜಕರು.

ಹಾಗಂತ ಇ ಪೂರ್ತಿ ಸಾಚಾ ಅಲ್ಲ. ಅದರ ಸಾಮಾನೂ ಖಂಡ ದಾಟುತ್ತದೆ. ‘ನೆಟ್ ಝೀರೋ’ (ನಿವ್ವಳ ಹೊರಸೂಸುವಿಕೆ ಸೊನ್ನೆ) ಎನ್ನುವುದಕ್ಕೆ ಕಾರ್ಬನ್ ಕ್ರೆಡಿಟ್, ಅಂದರೆ ಬೇರೆಡೆ ಇಂಗಾಲ ತಗ್ಗಿಸಿದ್ದರ ಲೆಕ್ಕವನ್ನು ದುಡ್ಡು ಕೊಟ್ಟು ಕೊಳ್ಳುವುದರ ಆಸರೆಯೂ ಇದೆ. ಒನ್ ಆ ಗುರಿಗೆ 2030ರ ಗಡುವು ಹಾಕಿಕೊಂಡಿದೆ, ಆದರೆ 2024ರಲ್ಲಿ 24 ರೇಸ್ ನಡೆಸಿತು.

ನನ್ನ ಮತ ಇ ಗೆ. ಒನ್ ಬಿಡಲಾರಿರಾದರೆ ಸಿಂಗಪುರದ ರೇಸಿಗೆಂದು ವಿಮಾನ ಹತ್ತದೆ ಟಿವಿಯಲ್ಲೇ ನೋಡಿ.