ಮೂರು ದೇಶ, ಮೂರು ಒಲೆ, ಒಂದೇ ಕುಕ್ಕರ್: ಒಂಬತ್ತು ವರ್ಷ ಬಳಸಿದ ಮೇಲೆ

2016ರಲ್ಲಿ ಮ್ಯೂನಿಕ್‌ಗೆ ಹೊರಡುವ ಹಿಂದಿನ ವಾರ ಗಾಂಧಿ ಬಜಾರಿನಲ್ಲಿ ಈ ಕುಕ್ಕರ್ ತಗೊಂಡೆವು. ಮೂರು ಲೀಟರ್, ಸ್ಟೀಲಿನದು, ತಳ ಇಂಡಕ್ಷನ್ನಿಗೂ ಆಗುವಂಥದ್ದು. ಅಲ್ಯೂಮಿನಿಯಂ ಹಗುರ, ರೇಟೂ ಕಮ್ಮಿ ಅಂತ ಅಂಗಡಿಯವರು ಹೇಳಿದರು. ಅಮ್ಮ ಸ್ಟೀಲೇ ಇರಲಿ ಎಂದು ಹಟ ಹಿಡಿದರು. ಇಂಥ ಕುಕ್ಕರ್ ನಮ್ಮಲ್ಲಿ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ. ಹಾಗಾಗಿ ಒಂದು ಕಂಪನಿಯ ಬಗ್ಗೆ ಅಲ್ಲ, ಈ ಬಗೆಯ ಕುಕ್ಕರ್ ಬಗ್ಗೆ ಬರೆಯುತ್ತಿದ್ದೇನೆ.

2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಹೋದೆವು. 2022ರಲ್ಲಿ ಸ್ಟಾಕ್‌ಹೋಮ್‌ಗೆ ಬಂದೆವು. ಪ್ರತಿ ಸಲವೂ ಮಂಚ, ಕಪಾಟು, ವಾಷಿಂಗ್ ಮೆಷಿನ್ ಎಲ್ಲಾ ಮಾರಿ ಹೊರಟಿದ್ದೇವೆ. ಕುಕ್ಕರ್ ಮಾತ್ರ ಹೊಟ್ಟೆ ತುಂಬ ಕಾಲುಚೀಲ ತುಂಬಿಕೊಂಡು ಸೂಟ್‌ಕೇಸಿನಲ್ಲಿ ನಮ್ಮ ಜೊತೆ ಬಂದಿದೆ.

ಮೊದಲ ತೊಂದರೆ ಶುರುವಾಗಿದ್ದು ಮ್ಯೂನಿಕ್‌ನಲ್ಲಿ. ಮೂರು ಕೂಗು ಕೂಗಿಸಿದರೂ ತೊಗರಿಬೇಳೆ ಬೇಯುತ್ತಿರಲಿಲ್ಲ. ಐದು ಕೂಗಿಸಿದರೂ ಕಾಳು ಕಾಳಾಗಿಯೇ ಇರುತ್ತಿತ್ತು. ಕುಕ್ಕರೇ ಸರಿಯಿಲ್ಲ ಎಂದುಕೊಂಡೆ, ಆಮೇಲೆ ಬೇಳೆ ಹಳೆಯದು ಎಂದುಕೊಂಡೆ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ನೀರಿನದು ಸಮಸ್ಯೆ. ಮ್ಯೂನಿಕ್‌ನ ನಲ್ಲಿ ನೀರು ಕುಡಿಯಲು ತುಂಬಾ ಚೆನ್ನಾಗಿದೆ, ಆದರೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಜೊತೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತವೆ. ಫಿಲ್ಟರ್ ಜಗ್‌ನಲ್ಲಿ ಸೋಸಿದ ನೀರು ಹಾಕಿದ ದಿನ ಮೂರೇ ಕೂಗಿಗೆ ಬೇಳೆ ಬೆಣ್ಣೆಯಂತಾಯಿತು. ಆ ಸಾರಿನ ರುಚಿ ಇನ್ನೂ ನೆನಪಿದೆ. ಜಗ್ ಇಲ್ಲದವರು ಚಿಟಿಕೆ ಅಡುಗೆ ಸೋಡಾ ಹಾಕಿದರೂ ಆಗುತ್ತದೆ. ಆದರೆ ಜಾಸ್ತಿ ಹಾಕಿದರೆ ಸಾರಿಗೆ ಸೋಪಿನ ವಾಸನೆ ಬರುತ್ತದೆ.

ಅದೇ ನೀರಿನಿಂದ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತಿತ್ತು. ಉಜ್ಜಲು ಹೋಗಬೇಡಿ. ಅಲ್ಲಿನ ಅಂಗಡಿಗಳಲ್ಲಿ ಸಿಟ್ರಿಕ್ ಆಸಿಡ್ ಪುಡಿ ಸಿಗುತ್ತದೆ. ಒಂದು ಚಮಚ ಹಾಕಿ ಮುಚ್ಚಳ ತೆಗೆದೇ ನೀರು ಕುದಿಸಿದರೆ ಸಾಕು, ಹೊಸದರಂತೆ ಹೊಳೆಯುತ್ತದೆ.

ಮ್ಯೂನಿಕ್‌ನಲ್ಲಿದ್ದದ್ದು ಸೆರಾನ್ ಒಲೆ. ಗಾಜಿನ ಕೆಳಗೆ ಕೆಂಪಗೆ ಕಾಯುವಂಥದ್ದು. ಆ ಒಲೆಯನ್ನೂ ಅಡುಗೆಮನೆಯ ಕಪಾಟುಗಳನ್ನೂ ಹಿಂದಿನ ಬಾಡಿಗೆದಾರರಿಂದ ನಾವೇ ಕೊಂಡಿದ್ದೆವು. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳು ಅಡುಗೆಮನೆಯೇ ಇಲ್ಲದೆ ಬರುತ್ತವೆ. ಈ ಒಲೆ ಆರಿಸಿದ ಮೇಲೂ ಬಿಸಿ ಇಳಿಯುವುದಿಲ್ಲ. ಮೂರನೇ ಕೂಗಿನವರೆಗೆ ಕಾದರೆ ಅನ್ನ ತಳ ಹಿಡಿಯಿತು ಅಂತಲೇ ಲೆಕ್ಕ. ಎರಡಾದ ಕೂಡಲೇ ಆರಿಸಿ ಸುಮ್ನೆ ಬಿಟ್ಟರೆ ಮೂರನೆಯದು ತಾನೇ ಆಗುತ್ತದೆ.

ಮೊದಲ ವಾರವೇ ಕೆಳಗಿನ ಮನೆಯ ಅಜ್ಜಿ ಗಾಬರಿಯಿಂದ ಬಾಗಿಲು ತಟ್ಟಿದರು. ಏನೋ ಸಿಡಿಯುತ್ತಿದೆ ಎಂದುಕೊಂಡಿದ್ದರು. ಒಳಗೆ ಕರೆದು ತೋರಿಸಿದೆ. ವೆಯ್ಟ್ ಎದ್ದು ಉಸಿರು ಬಿಡುವುದನ್ನು ನಿಂತು ನೋಡಿದರು, ಒಂದು ಬಟ್ಟಲು ಸಾರು ಕುಡಿದು ಹೋದರು. ಅಲ್ಲಿ ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು. ತಡವಾಗಿ ಬಂದ ದಿನ ನಮಗೆ ಅವಲಕ್ಕಿಯೇ.

ಐಂಡ್‌ಹೋವನ್‌ನ ಮನೆ ಬೇರೆ ಥರ. ಡಚ್ಚರಲ್ಲಿ 'ಕಾಲ್' ಎಂದರೆ ಬರಿದು. ಕಾಲ್ ಮನೆ ಎಂದರೆ ಎಷ್ಟೋ ಸಲ ನೆಲಹಾಸೂ ಇರುವುದಿಲ್ಲ. ನಮಗೆ ಸಿಕ್ಕಿದ್ದೂ ಅಂಥದ್ದೇ, ಬರೀ ಸಿಮೆಂಟು ನೆಲ. ಒಲೆಯೂ ಇರಲಿಲ್ಲ. ಮೊದಲ ಸಂಜೆ ಒಂದು ಸಣ್ಣ ಇಂಡಕ್ಷನ್ ಪ್ಲೇಟ್ ತಂದು ನೆಲದ ಮೇಲಿಟ್ಟೆವು. ರಟ್ಟಿನ ಡಬ್ಬ ಬಿಚ್ಚಿ ಹಾಸಿ ಕೂತೆವು. ಅಕ್ಕಿ, ಬೇಳೆ, ಬಿಸಿಬೇಳೆಬಾತ್ ಪುಡಿ, ಇದ್ದ ಎರಡು ಕ್ಯಾರೆಟ್ ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿದೆ. ಖಾಲಿ ಗೋಡೆಗಳ ನಡುವೆ ಮೊದಲ ಕೂಗು ಎಷ್ಟು ಜೋರಾಗಿ ಕೇಳಿತು ಅಂದರೆ ಮಗಳು ಚಪ್ಪಾಳೆ ತಟ್ಟಿದಳು. ವಿಳಾಸ ನೋಂದಣಿಯಾಗಿ ನಾಗರಿಕ ಸಂಖ್ಯೆ ಸಿಗುವುದು, ಬ್ಯಾಂಕ್ ಖಾತೆ, ಇಂಟರ್ನೆಟ್ಟು, ಇವೆಲ್ಲ ಆಗಲು ವಾರಗಳು ಹಿಡಿದವು. ಊಟ ಮಾತ್ರ ಅವತ್ತೇ ಮನೆಯದು.

ಅಮ್ಮನ ಹಟ ಉಪಯೋಗಕ್ಕೆ ಬಂದಿದ್ದು ಇಲ್ಲೇ. ಬರೀ ಅಲ್ಯೂಮಿನಿಯಂ ತಳವನ್ನು ಇಂಡಕ್ಷನ್ ಒಲೆ ಗುರುತಿಸುವುದೇ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೆ 2018ರ ಜುಲೈನಿಂದ ಗ್ಯಾಸ್ ಲೈನ್ ಕೊಡುತ್ತಿಲ್ಲ, ಅಲ್ವಾ, ಹಾಗಾಗಿ ಇಂಡಕ್ಷನ್ ಸಿಗುವ ಸಾಧ್ಯತೆಯೇ ಜಾಸ್ತಿ. ಕೊಳ್ಳುವಾಗ ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡರೆ ತಗೊಳ್ಳಿ. ಮೂರು ಲೀಟರಿನ ತಳ ಸಣ್ಣದು, ದೊಡ್ಡ ಬರ್ನರ್ ಮೇಲೆ ಇಟ್ಟರೆ ಒಲೆ ಕೆಲವೊಮ್ಮೆ ಪಾತ್ರೆಯೇ ಇಲ್ಲ ಅನ್ನುತ್ತದೆ. ಸಣ್ಣ ಬರ್ನರ್ ಮೇಲಿಡಿ. ಉರಿಯನ್ನು ಪೂರ್ತಿ ಏರಿಸಬೇಡಿ, ಬೇಳೆ ನೊರೆಯಾಗಿ ವೆಯ್ಟ್‌ನಿಂದ ಚಿಮ್ಮುತ್ತದೆ.

2020ರಲ್ಲಿ ಒಮ್ಮೆ ತಳಕ್ಕೆ ನೀರು ಹಾಕುವುದನ್ನೇ ಮರೆತೆ. ಸೇಫ್ಟಿ ವಾಲ್ವ್ ಕರಗಿ ಒತ್ತಡ ಹೊರಗೆ ಹೋಯಿತು. ಅದು ಇರುವುದೇ ಅದಕ್ಕೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಹೊಸ ವಾಲ್ವ್ ಬೇಕೆಂದು ಬರೆದರೆ ಕಂಪನಿಯವರು ಹೊರದೇಶಕ್ಕೆ ಕಳಿಸುವುದಿಲ್ಲ ಎಂದರು. ಕೊರೋನಾ ಕಾಲ, ಊರಿಂದ ಬರುವವರೂ ಇಲ್ಲ. ಐದು ತಿಂಗಳು ಕುಕ್ಕರ್ ಸುಮ್ಮನೆ ಕೂತಿತ್ತು. ಒಂಬತ್ತು ವರ್ಷದಲ್ಲಿ ನನಗೆ ನಿಜಕ್ಕೂ ಬೇಜಾರಾದದ್ದು ಇದೊಂದಕ್ಕೇ. ಮೂವತ್ತು ಗ್ರಾಮೂ ಇಲ್ಲದ ಒಂದು ತುಂಡಿಗಾಗಿ!

ಆಗ ಸ್ನೇಹಿತರೊಬ್ಬರು ಯುರೋಪಿನ ಕುಕ್ಕರ್ ಕೊಟ್ಟಿದ್ದರು. ಒಳ್ಳೆಯ ವಸ್ತು, ಭಾರದ ತಳ, ಸ್ಪ್ರಿಂಗ್ ವಾಲ್ವ್. ಒತ್ತಡ ಏರಿದ್ದನ್ನು ತೋರಿಸಲು ಒಂದು ಕಡ್ಡಿ ಮೇಲೇಳುತ್ತದೆ, ಅಲ್ಲಿಂದ ನಿಮಿಷ ಎಣಿಸಬೇಕು. ಕೂಗುವುದಿಲ್ಲ. ನನಗೆ ಅಡುಗೆ ಕಲಿಸಿದವರೆಲ್ಲ ಕೂಗಿನ ಲೆಕ್ಕದಲ್ಲೇ ಕಲಿಸಿದ್ದು. ಅಲಸಂದೆಗೆ ನಾಲ್ಕು, ಬೀಟ್‌ರೂಟಿಗೆ ಎರಡು. ಪಕ್ಕದ ರೂಮಿನಲ್ಲಿ ಮೀಟಿಂಗಿನಲ್ಲಿದ್ದರೂ ಕಿವಿ ಎಣಿಸುತ್ತಿರುತ್ತದೆ. ಆ ಅನುಕೂಲ ಅದರಲ್ಲಿ ನನಗೆ ಸಿಗಲಿಲ್ಲ.

ಸ್ಟಾಕ್‌ಹೋಮ್‌ನಲ್ಲಿ ಹೇಳುವಂಥ ತೊಂದರೆ ಇಲ್ಲ. ಇಲ್ಲಿ ಬಾಡಿಗೆ ಮನೆಗೆ ಒಲೆ, ಫ್ರಿಜ್ ಸೇರಿಯೇ ಬರುತ್ತವೆ. ನೀರು ಮೃದು, ಬೇಳೆ ಊರಿನಂತೆಯೇ ಬೇಯುತ್ತದೆ. ನಮ್ಮದು ಹಳೆಯ ಕಟ್ಟಡ, ಎರಕದ ಕಬ್ಬಿಣದ ಪ್ಲೇಟ್ ಒಲೆ. ಕಾಯಲು ಬಹಳ ಹೊತ್ತು, ಆರಲು ಅದಕ್ಕಿಂತ ಹೊತ್ತು. ಮೊದಲ ಕೂಗು ಬಂದ ಕೂಡಲೇ ಸಣ್ಣಗೆ ಕಾಯಿಸಿಟ್ಟ ಇನ್ನೊಂದು ಪ್ಲೇಟಿಗೆ ಕುಕ್ಕರ್ ಎತ್ತಿಡುತ್ತೇನೆ.

ಈಗ ಹಿಡಿಯ ಸ್ಕ್ರೂ ಸಡಿಲ, ಎರಡು ತಿಂಗಳಿಗೊಮ್ಮೆ ಬಿಗಿ ಮಾಡಬೇಕು. ಗ್ಯಾಸ್ಕೆಟ್ ಒಂದೂವರೆ ವರ್ಷ ಬಂದರೆ ಹೆಚ್ಚು. ಇಲ್ಲಿನ ಕುಕ್ಕರ್‌ಗಳ ರಿಂಗ್ ಇದಕ್ಕೆ ಕೂರುವುದಿಲ್ಲ. ತಳ ಮಾತ್ರ ಇವತ್ತಿಗೂ ಸಮತಟ್ಟಾಗಿದೆ. ಇಬ್ಬರು ಮೂವರ ಸಂಸಾರಕ್ಕೆ, ದೇಶ ಬದಲಿಸುತ್ತಾ ಇರುವವರಿಗೆ ಈ ಅಳತೆಯೇ ಸರಿ. ಐದು ಲೀಟರ್ ಬೇಡ, ಸೂಟ್‌ಕೇಸಿನ ಅರ್ಧ ಜಾಗ ಅದಕ್ಕೇ ಹೋಗುತ್ತದೆ.

ಮುಂದಿನ ತಿಂಗಳು ಅಮ್ಮ ಬರುತ್ತಿದ್ದಾರೆ. ನಾಲ್ಕು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ತರಲು ಹೇಳಿದ್ದೇನೆ. ಅದರಲ್ಲಿ ಒಂದು ಜೊತೆ, ಕಳೆದ ವಾರವಷ್ಟೇ ಮೈಸೂರಿನಿಂದ ನಮ್ಮ ಕಟ್ಟಡಕ್ಕೆ ಬಂದ ಹುಡುಗನಿಗೆ. ಅವನದೂ ಮೂರು ಲೀಟರಿನದೇ, ಸ್ಪೇರ್ ಒಂದೂ ತಂದಿಲ್ಲ.